ದೋಣಿ ಏರುವ ತಕ್ಕಡಿ

ಪ್ರೇಕ್ಷಣೀಯ ಸ್ಥಳವೆಂಬ ಮಾತಿಗೆ ನಮ್ಮ ಕಡೆಯಲ್ಲಿ ಎರಡೇ ಅರ್ಥಗಳು ರೂಢಿಯಲ್ಲಿವೆ. ಒಂದು ದೇವರಿರುವ ಸ್ಥಳ. ಇನ್ನೊಂದು ಅರಸರು ಇದ್ದು ಹೋದ ಸ್ಥಳ. ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆಂದು ದೂರದೂರದ ಊರುಗಳಿಂದ ಜನರು ಬರುತ್ತಾರೆ. ದತ್ತನ ಗಾಣಗಾಪುರಕ್ಕೆ ಹೋಗುವವರು ಇದೇ ದಾರಿಯನ್ನು ಹಿಡಿಯುತ್ತಾರೆ. ಬಿಡುವಿದ್ದವರು ಸೊಲ್ಲಾಪುರದ ಕೋಟೆಯಲ್ಲಿ ಒಂದು ಸುತ್ತು ಹಾಕಿ, ಸಿದ್ಧರಾಮನ ಕೆರೆಯ ದಂಡೆಯಲ್ಲಿ ಕುಳಿತು ಪುಟಾಣಿ ಶೇಂಗಾ ತಿಂದು ಊರಿಗೆ ಮರಳುತ್ತಾರೆ. ಮನುಷ್ಯನ ಬುದ್ಧಿ ಮತ್ತು ತೋಳು ಕೂಡಿ ನಡೆಸಿದ ಒಂದು ಕೆಲಸವನ್ನು, ಅದು ಹೇಗೆ ನಡೆಯುತ್ತದೆಂದು ತಿಳಿಯುವ ಸಲುವಾಗಿಯೇ ನೋಡಲು ಹೋಗುವ ಪದ್ಧತಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಕುರನೂರಿನ ಅಣೆಕಟ್ಟನ್ನೇ ತೆಗೆದುಕೊಳ್ಳಿರಿ. ಅದು ತುಂಬಿದ ಸುದ್ದಿ ಬಂದಾಗ ಸುತ್ತಲಿನ ಜನರು ಹೋಗಿ, ಕೋಡಿಯಲ್ಲಿ ಧುಮ್ಮಿಕ್ಕುವ ನೀರಿನ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಂಡು ಬರುತ್ತಾರೆ. ನೀರು ಇಳಿಯಿತೆಂದರೆ ಅಣೆಕಟ್ಟು ಮರೆತುಹೋಯಿತು. ಅದನ್ನು ಮತ್ತೆ ನೆನೆಯುವುದು ನಳದಲ್ಲಿ ನೀರು ಬಾರದ ದಿನವೇ ಸರಿ.

ಹೊರನಾಡುಗಳಲ್ಲಿ ಹೀಗಿಲ್ಲ. ಸ್ಕಾಟ್ಲೆಂಡಿನ ಫಾಲ್ಕಿರ್ಕ್ ಎಂಬ ಪಟ್ಟಣದ ಬಳಿಯಲ್ಲಿ ಒಂದು ಭಾರಿ ಚಕ್ರವಿದೆ. ಅದು ಕೆಳಗಿನ ಕಾಲುವೆಯಲ್ಲಿರುವ ದೋಣಿಯನ್ನು ನೀರು ಸಹಿತವಾಗಿ ಎತ್ತಿ ಮೇಲಿನ ಕಾಲುವೆಗೆ ಮುಟ್ಟಿಸುತ್ತದೆ. ಅದನ್ನು ನೋಡುವುದಕ್ಕೆಂದೇ ಜನರು ಪ್ರಯಾಣ ಮಾಡುತ್ತಾರೆ, ದೋಣಿಯಲ್ಲಿ ಕುಳಿತು ಏರಿ ಇಳಿಯುತ್ತಾರೆ. ಈ ಚಕ್ರದ ಚಲಚ್ಚಿತ್ರವೊಂದನ್ನು ನಮ್ಮ ಶಾಲೆಯ ಆರನೆಯ ಏಳನೆಯ ಇಯತ್ತೆಯ ಮಕ್ಕಳು ಮೊಬೈಲಿನ ಪರದೆಯಲ್ಲಿ ನೋಡಿದ್ದೇ ಈ ಬರಹಕ್ಕೆ ಕಾರಣ. ನಮ್ಮದು ಕುರನೂರಿನಿಂದ ಕೆಳಗೆ, ಬೋರಿ ನದಿಯ ದಂಡೆಯ ಮೇಲಿನ ಒಂದು ಹಳ್ಳಿಯ ಕನ್ನಡ ಶಾಲೆ. ಮಕ್ಕಳು ಆ ಚಿತ್ರವನ್ನು ಮೂರು ಸಲ ನೋಡಿದರು. ಸೊಲ್ಲಾಪುರದಲ್ಲಿ ಸಂಕ್ರಾಂತಿಯ ಕಾಲಕ್ಕೆ ನೆರೆಯುವ ಸಿದ್ಧೇಶ್ವರ ಜಾತ್ರೆಯ ದೊಡ್ಡ ತೊಟ್ಟಿಲನ್ನು ಅವರೆಲ್ಲರೂ ಬಲ್ಲರು. ಆದುದರಿಂದ ಚಕ್ರವು ಅವರಿಗೆ ಹೊಸದೆನಿಸಲಿಲ್ಲ. ತೊಟ್ಟಿಲಲ್ಲಿ ಮನುಷ್ಯರ ಬದಲು ದೋಣಿ ಕುಳಿತದ್ದು ಮಾತ್ರ ಸೋಜಿಗವೆನಿಸಿತು. ಕೊನೆಗೆ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು:

“ಗುರುಗಳ್ರೀ, ನಮ್ಮ ಕುರನೂರ ಡ್ಯಾಮಿಗಿ ಇಂಥಾದೊಂದ ಯಾಕ ಇಲ್ಲರಿ?”

ಶಿಕ್ಷಕರ ತರಬೇತಿಯ ದಿನಗಳಲ್ಲಿ ನಮ್ಮಿಂದ ಬಾಯಿಪಾಠ ಮಾಡಿಸಿದ ಸೂತ್ರವೊಂದಿದೆ: ತಿಳಿದುದರಿಂದ ತಿಳಿಯದುದರ ಕಡೆಗೆ ನಡೆಯಬೇಕು. ಹುಡುಗಿಯ ಪ್ರಶ್ನೆಯು ಆ ಸೂತ್ರವನ್ನು ತಲೆಕೆಳಗು ಮಾಡಿತ್ತು. ಸ್ಕಾಟ್ಲೆಂಡಿನ ಚಕ್ರ ಅವಳಿಗೆ ತಿಳಿದಿತ್ತು. ಎರಡು ಹರದಾರಿಯಾಚೆಯ ಕುರನೂರಿನ ಕಟ್ಟೆ ತಿಳಿದಿರಲಿಲ್ಲ. ನಾವು ಶಿಕ್ಷಕರು ಇಬ್ಬರೂ ಕೂಡಿ ವಿಚಾರ ಮಾಡಿ, ದೀಪಾವಳಿಯ ರಜೆಗೆ ಮುನ್ನ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುವುದೆಂದು ನಿಶ್ಚಯಿಸಿದೆವು.

ಈ ನಿಶ್ಚಯಕ್ಕೆ ಇನ್ನೊಂದು ಕಾರಣವೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಬೋರಿಗೆ ಅಡ್ಡಲಾಗಿ ಅಲ್ಲಲ್ಲಿ ಕೊಲ್ಹಾಪುರ ಮಾದರಿಯ ಬಾಂದಾರಗಳಿವೆ. ಕಲ್ಲಿನ ಕಂಬಗಳ ನಡುವೆ ಗಾಡಿಗಳನ್ನು ಕೊರೆದಂತೆ ಸೀಳುಗಳಿರುತ್ತವೆ. ಮಳೆಗಾಲ ಮುಗಿದೊಡನೆ ಆ ಸೀಳುಗಳಲ್ಲಿ ಹಲಗೆಗಳನ್ನು ಇಳಿಬಿಟ್ಟು ನೀರು ತಡೆಯುತ್ತಾರೆ. ಮುಂದಿನ ಮಳೆಗಾಲಕ್ಕೆ ಮೊದಲು ಅವನ್ನು ತೆಗೆದು, ಹೊಳೆಗೆ ದಾರಿ ಬಿಡುತ್ತಾರೆ. ಉಪಾಯ ಬಲು ಸರಳ, ವೆಚ್ಚವೂ ಕಡಿಮೆ. ಆದರೆ ಹಲಗೆಯನ್ನು ಹಾಕುವುದು ಎಷ್ಟು ಸುಲಭವೋ, ಕತ್ತಲೆಯಲ್ಲಿ ಒಂದನ್ನು ಎತ್ತಿಬಿಡುವುದೂ ಅಷ್ಟೇ ಸುಲಭ. ಆ ವರುಷ ಮೇಲಿನ ಬಾಂದಾರದ ಎರಡು ಹಲಗೆಗಳು ಒಂದು ರಾತ್ರಿ ಮಾಯವಾದವು. ಮೇಲಿನವರು ಕೆಳಗಿನವರನ್ನು ದೂರಿದರು. ‘ನೀವು ತುಂಬಿಸಿಕೊಂಡು ಕುಳಿತರೆ ನಮ್ಮ ಕಬ್ಬು ಒಣಗಲೇನು?’ ಎಂದು ಕೆಳಗಿನವರು ಕೇಳಿದರು. ಮಾತು ಬೆಳೆದು ಕೈಗೆ ಬಂದಿತು. ನಮ್ಮ ಶಾಲೆಗೆ ಎರಡೂ ಕಡೆಯ ಮಕ್ಕಳು ಬರುತ್ತಾರೆ. ಒಂದೇ ಹಲಗೆಯ ಮೇಲೆ ಕೂಡುತ್ತಿದ್ದ ಇಬ್ಬರು ಹುಡುಗರು ಮರುದಿನ ಗೋಡೆಗೊಬ್ಬ ಗೋಡೆಗೊಬ್ಬ ಕುಳಿತರು. ಪ್ರಾಥಮಿಕ ಶಾಲೆಯ ಶಿಕ್ಷಕನಿಗೆ ಊರ ನ್ಯಾಯ ಬಗೆಹರಿಸುವ ಅಧಿಕಾರವಿಲ್ಲ. ಆದರೆ ಇಬ್ಬರು ಹುಡುಗರು ನೀರಿನ ಸಲುವಾಗಿ ಮಾತು ಬಿಟ್ಟಿರುವಾಗ, ನೀರಿನ ಪಾಠವನ್ನು ಪುಸ್ತಕದಿಂದ ಓದಿ ಮುಗಿಸುವುದು ನಮ್ಮ ಮನಸ್ಸಿಗೆ ಬರಲಿಲ್ಲ.

ಹಿಂಗಾರಿ ಜೋಳದ ಬಿತ್ತನೆ ಮುಗಿದು ಎಳೆಯ ಸಸಿಗಳು ಸಾಲು ಹಿಡಿದಿದ್ದವು. ತೊಗರಿ ಹೂ ಕಟ್ಟುತ್ತಲಿತ್ತು. ಟೆಂಪೋ ಒಂದರಲ್ಲಿ ಮೂವತ್ತು ಮಕ್ಕಳು, ಎರಡು ಬುಟ್ಟಿ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ, ಮತ್ತು ಕಿರಾಣಿ ಅಂಗಡಿಯಿಂದ ಒಂದು ದಿನದ ಮಟ್ಟಿಗೆ ಬೇಡಿ ತಂದ ತಕ್ಕಡಿ. ತಕ್ಕಡಿ ಏತಕ್ಕೆಂದು ಮಕ್ಕಳು ದಾರಿಯುದ್ದಕ್ಕೂ ಕೇಳಿದರು, ನಾವು ಹೇಳಲಿಲ್ಲ.

ಕುರನೂರಿನ ಅಣೆಕಟ್ಟು ದೂರದಿಂದ ಕಟ್ಟಡದಂತೆ ತೋರುವುದಿಲ್ಲ; ಬಯಲಿನಲ್ಲಿ ಅಡ್ಡವಾಗಿ ಮಲಗಿದ ಒಂದು ದಿನ್ನೆಯಂತೆ ತೋರುತ್ತದೆ. ಇದು ಮಣ್ಣಿನ ಕಟ್ಟೆ. ಉದ್ದ ಸುಮಾರು 1,200 ಮೀಟರು. ಅಡಿಪಾಯದಿಂದ ಎತ್ತರ ಸುಮಾರು 24 ಮೀಟರು. ಮಣ್ಣು ನೀರನ್ನು ತಡೆಯುವುದೆಂದರೆ ಮಕ್ಕಳಿಗೆ ನಂಬಿಕೆಯಾಗಲಿಲ್ಲ. ಕಲ್ಲಿನ ಗೋಡೆ ತನ್ನ ಗಟ್ಟಿತನದಿಂದ ನಿಲ್ಲುತ್ತದೆ, ಮಣ್ಣಿನ ಕಟ್ಟೆ ತನ್ನ ಭಾರದಿಂದಲೂ ಅಗಲದಿಂದಲೂ ನಿಲ್ಲುತ್ತದೆ ಎಂದು ವಿವರಿಸಿದೆವು. ನೀರಿನ ಕಡೆಯ ಇಳಿಜಾರಿಗೆ ಕಲ್ಲು ಹಾಸಿರುವುದು ಅಲೆಗಳು ಮಣ್ಣನ್ನು ಕೊರೆಯದಿರಲೆಂದು. ಮಣ್ಣಿನ ಕಟ್ಟೆಗೆ ದೊಡ್ಡ ಶತ್ರು ಅದರ ತಲೆಯ ಮೇಲಿಂದ ಹರಿಯುವ ನೀರು. ಆದ್ದರಿಂದಲೇ ಹೆಚ್ಚಿನ ನೀರಿಗೆ ಬೇರೊಂದು ಕಡೆ ಗಟ್ಟಿಯಾದ ಕೋಡಿಯನ್ನೂ ಅದಕ್ಕೆ ಬಾಗಿಲುಗಳನ್ನೂ ಮಾಡಿರುತ್ತಾರೆ. ಕಟ್ಟೆಯ ಮೇಲೆ ನಿಂತಾಗ ಎಡಕ್ಕೆ ಕಣ್ಣು ಹರಿಯುವಷ್ಟು ನೀರು. ಬಲಕ್ಕೆ ತಗ್ಗಿನಲ್ಲಿ ಕಲ್ಲುಗಳ ನಡುವೆ ಸಣ್ಣ ಗೆರೆಯಂತೆ ಹೊರಟ ಬೋರಿ. ಅಕ್ಕಲಕೋಟೆಯ ಜನರು ಕುಡಿಯುವ ನೀರು ಈ ಎಡಗಡೆಯದು. ಆ ಬಲಗಡೆಯ ಗೆರೆಯೇ ಮುಂದೆ ನಮ್ಮ ಬಾಂದಾರಗಳನ್ನು ತುಂಬಿ, ಕರ್ನಾಟಕದ ಅಫಜಲಪುರ ತಾಲೂಕಿನಲ್ಲಿ ಭೀಮೆಯನ್ನು ಕೂಡುತ್ತದೆ.

ಹಿನ್ನೀರಿನಲ್ಲಿ ಮೀನುಗಾರನ ದೋಣಿಯೊಂದು ತೇಲುತ್ತಿತ್ತು. ಅದನ್ನು ತೋರಿಸಿ, “ಈ ದೋಣಿ ಕೆಳಗಿನ ಹೊಳೆಗೆ ಹೋಗಬೇಕಾದರೆ ಏನು ಮಾಡಬೇಕು?” ಎಂದು ಕೇಳಿದೆವು.

“ನಾಕ ಮಂದಿ ಹೊತಗೊಂಡ ಇಳೀಬೇಕರಿ,” ಎಂದ ಒಬ್ಬ.

“ದೋಣಿಯೊಳಗೆ ಇಪ್ಪತ್ತು ಗಾಡಿ ಉಪ್ಪು ಇದ್ದರೆ?”

ಯಾರೂ ಮಾತಾಡಲಿಲ್ಲ. ಇದೇ ಪ್ರಶ್ನೆಯನ್ನು ಇಂಗ್ಲೆಂಡಿನ ಚೆಷೈರ್ ಪ್ರಾಂತದ ಜನರು ನೂರೈವತ್ತು ವರುಷಗಳ ಹಿಂದೆ ಎದುರಿಸಿದ್ದರು. ಅಲ್ಲಿ ಆಂಡರ್ಟನ್ ಎಂಬಲ್ಲಿ ಮೇಲೆ ಒಂದು ಕಾಲುವೆ, 50 ಅಡಿ ಕೆಳಗೆ ವೀವರ್ ನದಿ. ಅದು ಉಪ್ಪಿನ ಸೀಮೆ. ಉಪ್ಪನ್ನು ಮೇಲಿನ ದೋಣಿಯಿಂದ ಇಳಿಸಿ, ಜಾರುಗಾಲುವೆಯಲ್ಲಿ ಸುರಿದು, ಕೆಳಗಿನ ದೋಣಿಗೆ ತುಂಬುತ್ತಿದ್ದರು. ಹೊತ್ತು ಹೋಗುತ್ತಿತ್ತು, ಉಪ್ಪೂ ಹಾಳಾಗುತ್ತಿತ್ತು. ಇಂಥ ಕಡೆಗಳಲ್ಲಿ ಹಿಂದಿನಿಂದ ಬಂದ ಉಪಾಯವೆಂದರೆ ಲಾಕು. ಎರಡು ಬಾಗಿಲುಗಳ ನೀರಿನ ಕೋಣೆಯೊಂದನ್ನು ಕಟ್ಟುವುದು. ದೋಣಿಯನ್ನು ಒಳಗೆ ಬಿಟ್ಟು ಬಾಗಿಲು ಹಾಕಿ, ನೀರನ್ನು ಕೆಳಕ್ಕೆ ಬಿಟ್ಟರೆ ದೋಣಿ ತಾನೇ ಇಳಿಯುತ್ತದೆ. ಮೇಲಿನಿಂದ ನೀರು ತುಂಬಿಸಿದರೆ ತಾನೇ ಏರುತ್ತದೆ. ಮೆಟ್ಟಿಲುಗಳಂತೆ ಇಂಥ ಹಲವು ಕೋಣೆಗಳನ್ನು ಕಟ್ಟಿದರೆ ದೋಣಿ ಗುಡ್ಡವನ್ನೂ ಏರೀತು. ಆದರೆ ಪ್ರತಿಯೊಂದು ಸಲವೂ ಕೋಣೆ ತುಂಬ ನೀರು ಮೇಲಿನಿಂದ ಕೆಳಕ್ಕೆ ಹೋಗಿಬಿಡುತ್ತದೆ. ನೀರಿಗೆ ಬಡತನವಿರುವ ಕಾಲುವೆಗೆ ಇದು ದುಬಾರಿಯ ಉಪಾಯ.

ಎಡ್ವಿನ್ ಕ್ಲಾರ್ಕ್ ಎಂಬ ಇಂಜಿನಿಯರರು ಇದಕ್ಕೆ ಬೇರೊಂದು ಯುಕ್ತಿ ಹೂಡಿದರು. 1875ರಲ್ಲಿ ಆಂಡರ್ಟನ್‌ದಲ್ಲಿ ಅವರ ಯಂತ್ರ ಕೆಲಸ ಮಾಡತೊಡಗಿತು. ಎರಡು ಕಬ್ಬಿಣದ ತೊಟ್ಟಿಗಳು, ಒಂದೊಂದೂ ದೋಣಿ ಹಿಡಿಯುವಷ್ಟು ದೊಡ್ಡವು. ನೀರು ತುಂಬಿದಾಗ ಒಂದೊಂದರ ತೂಕ ಸುಮಾರು 250 ಟನ್ನು. ಒಂದು ಮೇಲೆ ಕಾಲುವೆಯ ಮಟ್ಟಕ್ಕೆ, ಇನ್ನೊಂದು ಕೆಳಗೆ ನದಿಯ ಮಟ್ಟಕ್ಕೆ. ಎರಡನ್ನೂ ಕೆಳಗಿನಿಂದ ಒಂದೊಂದು ದಪ್ಪ ಕೊಳವೆಯ ಕಂಬವು ಹೊತ್ತಿತ್ತು. ಆ ಕಂಬಗಳ ಬುಡದ ನೀರನ್ನು ಒಂದಕ್ಕೊಂದು ಜೋಡಿಸಿದ್ದರು. ಒಂದು ಇಳಿದರೆ ಅದರ ಒತ್ತಡದಿಂದಲೇ ಇನ್ನೊಂದು ಏರುವುದು. ಕೆಳಗಿನ ತೊಟ್ಟಿಯಿಂದ ಆರು ಅಂಗುಲದಷ್ಟು ನೀರನ್ನು ತೆಗೆದುಬಿಟ್ಟರೆ ಸಾಕು, ಮೇಲಿನದು ಭಾರವಾಗಿ ತಾನೇ ಇಳಿಯುತ್ತಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ತಕ್ಕಡಿಯ ಸರದಿ ಬಂದಿತು. ಕಟ್ಟೆಯ ಮೇಲಿನ ಹುಣಸೆಯ ಟೊಂಗೆಗೆ ಅದನ್ನು ತೂಗುಬಿಟ್ಟು, ಎರಡು ಸಮನಾದ ಸ್ಟೀಲಿನ ಡಬ್ಬಿಗಳನ್ನು ಎರಡು ಪರಡಿಗಳಲ್ಲಿ ಇಟ್ಟು, ಕಂಠದ ವರೆಗೆ ನೀರು ತುಂಬಿದೆವು. ಮುಳ್ಳು ನೆಟ್ಟಗೆ ನಿಂತಿತು. ಬೇವಿನ ಕಟ್ಟಿಗೆಯಿಂದ ಕೆತ್ತಿದ ದೋಣಿಯೊಂದನ್ನು ತೋರಿಸಿ ಕೇಳಿದೆವು: “ಇದನ್ನು ಈ ಡಬ್ಬಿಯಲ್ಲಿ ತೇಲಬಿಟ್ಟರೆ ಯಾವ ಕಡೆ ಜೋಲುತ್ತದೆ?” ಮೂವತ್ತೂ ಕೈಗಳು ದೋಣಿಯ ಕಡೆಗೇ ತೋರಿಸಿದವು. ದೋಣಿ ಇಟ್ಟೆವು. ಒಂದಿಷ್ಟು ನೀರು ಚೆಲ್ಲಿ ಪರಡಿಯಿಂದ ಕೆಳಗೆ ಹೋಯಿತು. ತಕ್ಕಡಿ ಒಂದು ಸಲ ತೂಗಾಡಿ, ಮತ್ತೆ ಮುಳ್ಳು ನೆಟ್ಟಗೆ ನಿಂತಿತು. ಮಕ್ಕಳು ತಬ್ಬಿಬ್ಬಾದರು. ದೋಣಿಯಲ್ಲಿ ಎರಡು ಹರಳು ಇಟ್ಟೆವು, ಇನ್ನಷ್ಟು ನೀರು ಚೆಲ್ಲಿತು, ಮುಳ್ಳು ಅಲುಗಲಿಲ್ಲ. ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಆಚೆಗೆ ತಳ್ಳುತ್ತದೆಂಬುದು ಆರ್ಕಿಮಿಡೀಸನ ಮಾತು. ಎರಡು ಸಾವಿರ ವರುಷಗಳಿಗೂ ಹಿಂದಿನ ಆ ಮಾತು ಹುಣಸೆಯ ಟೊಂಗೆಯ ಕೆಳಗೆ ನಮ್ಮ ಮಕ್ಕಳ ಕಣ್ಣಿಗೆ ಬಿದ್ದಿತು. ದೋಣಿ ಎತ್ತುವ ಯಂತ್ರದ ಗುಟ್ಟೂ ಇದೇ. ನೀರಿನ ಮಟ್ಟ ಒಂದೇ ಇದ್ದರೆ ತೊಟ್ಟಿಯಲ್ಲಿ ದೋಣಿ ಇರಲಿ ಬಿಡಲಿ, ದೋಣಿ ಖಾಲಿ ಇರಲಿ ತುಂಬಿರಲಿ, ತೊಟ್ಟಿಯ ತೂಕ ಒಂದೇ. ಬಡವನ ದೋಣಿ ಶ್ರೀಮಂತನ ದೋಣಿ ಎಂಬ ಭೇದವೇ ಆ ತಕ್ಕಡಿಗೆ ತಿಳಿಯದು.

ಈ ಯಂತ್ರಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿದಾಗ, ಪ್ರಶ್ನೆ ಎತ್ತಿದ ಅದೇ ಹುಡುಗಿ ‘ದೋಣಿ ತಕ್ಕಡಿ’ ಎಂದಳು. ಪಾರಿಭಾಷಿಕ ಪದಗಳ ಸಮಿತಿಯವರು ಇದಕ್ಕಿಂತ ಒಳ್ಳೆಯದನ್ನು ಕೊಟ್ಟಾರೆಂದು ನಮಗೆ ತೋರುವುದಿಲ್ಲ. ಈ ಬರಹದಲ್ಲಿ ನಾವು ಅದನ್ನೇ ಬಳಸುತ್ತೇವೆ.

ಫಾಲ್ಕಿರ್ಕಿನ ಚಕ್ರವು ಇದೇ ದೋಣಿ ತಕ್ಕಡಿಯ ಹೊಸ ರೂಪ. ಅಲ್ಲಿ ಎರಡು ಕಾಲುವೆಗಳ ನಡುವೆ ಹಿಂದೆ 11 ಲಾಕುಗಳ ಸಾಲು ಇದ್ದಿತು. ಹತ್ತಿ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ದಿನವೇ ಕಳೆಯುತ್ತಿತ್ತು. 1933ರಲ್ಲಿ ಅವನ್ನು ಕಿತ್ತುಹಾಕಿದರು. 2002ರಲ್ಲಿ ಈ ಚಕ್ರ ಬಂದಿತು. ಅದರ ಅಡ್ಡಳತೆ 35 ಮೀಟರು. ದೋಣಿಯನ್ನು ಎತ್ತುವ ಎತ್ತರ 24 ಮೀಟರು. ಅಂದರೆ ನಾವು ನಿಂತಿದ್ದ ಕುರನೂರಿನ ಕಟ್ಟೆಯ ಎತ್ತರವೇ. ಈ ಲೆಕ್ಕ ಹೇಳಿದೊಡನೆ ಮಕ್ಕಳೆಲ್ಲರೂ ಕಟ್ಟೆಯ ಅಂಚಿಗೆ ಹೋಗಿ ಕೆಳಗೆ ಬಗ್ಗಿ ನೋಡಿದರು. ಸ್ಕಾಟ್ಲೆಂಡಿನ ಚಕ್ರ ಆಗ ಅವರ ಅಳತೆಗೆ ಸಿಕ್ಕಿತು. ಚಕ್ರದ ಎರಡು ತುದಿಗಳಲ್ಲಿ ಎರಡು ತೊಟ್ಟಿಗಳು. ಚಕ್ರ ತಿರುಗಿದರೂ ತೊಟ್ಟಿ ಓರೆಯಾಗದಂತೆ ಹಲ್ಲಿನ ಗಾಲಿಗಳ ಸರಣಿಯು ಅವನ್ನು ಮಟ್ಟವಾಗಿ ಹಿಡಿದಿರುತ್ತದೆ. ಅದರ ವಿನ್ಯಾಸಕಾರರಲ್ಲೊಬ್ಬರಾದ ಟೋನಿ ಕೆಟಲ್ ಅವರು ಈ ಹಲ್ಲುಗಾಲಿಗಳ ಉಪಾಯವನ್ನು ತಮ್ಮ ಚಿಕ್ಕ ಮಗಳ ಆಟಿಕೆಯ ತುಂಡುಗಳಿಂದ ಜೋಡಿಸಿ ತೋರಿಸಿದರಂತೆ. ಆಟಿಕೆಗಳನ್ನು ಬಿಚ್ಚಿ ಹಾಕುವ ಮಕ್ಕಳನ್ನು ಗದರಿಸುವ ತಂದೆತಾಯಿಗಳು ಈ ಮಾತನ್ನು ಮನಸ್ಸಿನಲ್ಲಿಡತಕ್ಕದ್ದು.

ಎಲ್ಲಕ್ಕಿಂತ ಹೆಚ್ಚಿನ ಸೋಜಿಗವೆಂದರೆ ಅದರ ಅಲ್ಪಾಹಾರ. ಒಂದು ಸಲ ಅರ್ಧ ಸುತ್ತು ತಿರುಗಲು ಅದಕ್ಕೆ ಒಂದೂವರೆ ಯೂನಿಟ್ ವಿದ್ಯುತ್ತು ಸಾಕು. ಒಂದು ತೊಟ್ಟಿಯಲ್ಲಿರುವುದು ಸುಮಾರು 250 ಟನ್ ನೀರು. ಅಷ್ಟೇ ನೀರನ್ನು ಅಷ್ಟೇ ಎತ್ತರಕ್ಕೆ ಪಂಪಿನಿಂದ ಏರಿಸಬೇಕಾದರೆ, ಸ್ವಲ್ಪವೂ ನಷ್ಟವಿಲ್ಲದ ಪಂಪು ಇದ್ದರೂ, 16 ಯೂನಿಟ್ ಬೇಕು. ಒಂದೂವರೆ ಎಲ್ಲಿ, ಹದಿನಾರು ಎಲ್ಲಿ! ಹೆಚ್ಚಿನದನ್ನು ಕೊಡುವವರು ಯಾರು? ಇಳಿಯುವ ತೊಟ್ಟಿಯೇ ಕೊಡುತ್ತದೆ. ಕೆನಡಾ ದೇಶದ ಪೀಟರ್‌ಬರೋದಲ್ಲಿ 1904ರಲ್ಲಿ ತೆರೆದ ದೋಣಿ ತಕ್ಕಡಿಗೆ ದೋಣಿಯನ್ನೆತ್ತಲು ಹೊರಗಿನ ಶಕ್ತಿಯೇ ಬೇಡ. ಮೇಲಿನ ತೊಟ್ಟಿಗೆ ಒಂದು ಅಡಿ ಹೆಚ್ಚು ನೀರು ಬಿಟ್ಟುಕೊಂಡರೆ ಅದು 65 ಅಡಿ ಇಳಿದು, ಕೆಳಗಿನದನ್ನು ಅಷ್ಟೇ ಮೇಲಕ್ಕೆ ಕಳುಹಿಸುತ್ತದೆ.

ನಮ್ಮ ಹಿರಿಯರಿಗೂ ಈ ನೀತಿ ಹೊಸದಲ್ಲ. ಏತದ ಒಂದು ತುದಿಗೆ ಕಲ್ಲು ಕಟ್ಟಿದವರು ಇದನ್ನು ಬಲ್ಲರು. ಕಪಿಲೆಯ ಬಾವಿಯಲ್ಲಿ, ಮರಾಠಿಯವರು ಮೋಟ ಎನ್ನುವರಲ್ಲ ಅದರಲ್ಲಿ, ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ನಡೆಯುತ್ತವೆ. ಅವುಗಳ ಮೈಭಾರವೂ ಕೂಡಿ ಚರ್ಮದ ಚೀಲದ ನೀರು ಮೇಲೆ ಬರುತ್ತದೆ. ಇಂದಿನ ಭಾರಿ ಯಂತ್ರಗಳನ್ನೂ ಹೆಸರಿಸಿದೆವು. ಚೀನದ ತ್ರೀ ಗೋರ್ಜಸ್ ಅಣೆಯಲ್ಲಿ 2016ರಲ್ಲಿ ತೆರೆದ ಎತ್ತುಗವು 3,000 ಟನ್ನಿನ ಹಡಗನ್ನು 113 ಮೀಟರಿನಷ್ಟು ಏರಿಸಬಲ್ಲುದು. ಕರ್ನಾಟಕದಲ್ಲೇ ಕಾರವಾರದ ಬಳಿ, 2005ರಲ್ಲಿ ಸೇವೆಗೆ ತೆರೆದ ಐ.ಎನ್.ಎಸ್. ಕದಂಬ ನೌಕಾನೆಲೆಯಲ್ಲಿ 10,000 ಟನ್ ಎತ್ತುವ ವೇದಿಕೆಯಿದೆ. ಆದರೆ ಅದು ದುರಸ್ತಿಗಾಗಿ ಹಡಗನ್ನು ಸಮುದ್ರದಿಂದ ಒಣನೆಲಕ್ಕೆ ತರುವಂಥದು. ಅಲ್ಲಿ ಎದುರು ತೊಟ್ಟಿಯಿಲ್ಲ. ಎತ್ತುವ ಕೆಲಸವೆಲ್ಲ ಯಂತ್ರಗಳದೇ.

ಊಟಕ್ಕೆ ಕುಳಿತಾಗ, ಗೋಡೆಗೊಬ್ಬ ಕುಳಿತಿದ್ದ ಆ ಇಬ್ಬರು ಹುಡುಗರಲ್ಲಿ ಕೆಳಗಿನ ಬಾಂದಾರದ ಕಡೆಯವನು ರೊಟ್ಟಿ ಕೈಯಲ್ಲಿ ಹಿಡಿದೇ ಕೇಳಿದ:

“ಗುರುಗಳ್ರೀ, ಮ್ಯಾಲಿನ ತೊಟ್ಟಿಯಾಗ ನೀರ ಹೆಚ್ಚಾದ್ರ ಅದು ತಾನ ಕೆಳಗ ಬರ್ತದ ಅಂದ್ರಿ. ನಮ್ಮ ಹೊಳಿಯಾಗ ಮ್ಯಾಲಿನವ್ರ ನೀರ ಹೆಚ್ಚಾದಷ್ಟ ಕೆಳಗ ಬರೂದೇ ಇಲ್ಲಲ್ರಿ?”

ಮೇಲಿನ ಕಡೆಯ ಹುಡುಗ ಸುಮ್ಮನಿರಲಿಲ್ಲ. “ನಾವೇನ ನೀರ ಕುಡಿದ ಕುಂತೇವೇನ? ಮಳಿ ಆಗಲಿಲ್ಲಂದ್ರ ನಮಗೂ ಇಲ್ಲ. ನೀವು ಹಲಗಿ ಕಿತ್ತಿದ್ದಕ್ಕ ಇಬ್ಬರಿಗೂ ಇಲ್ದಂಗ ಆತು.”

ಎರಡೂ ಮಾತುಗಳು ನಿಜ. ಕಿತ್ತ ಹಲಗೆಯ ನೀರು ಕೆಳಗಿನ ಬಾಂದಾರದಲ್ಲಿ ನಿಲ್ಲದೆ ಮುಂದೆ ಹರಿದುಹೋಗಿತ್ತು. ಏಕೆಂದರೆ ಕೆಳಗಿನವರ ಹಲಗೆಗಳನ್ನು ಇನ್ನೂ ಇಳಿಬಿಟ್ಟಿರಲಿಲ್ಲ. ನಾವು ತೀರ್ಪು ಕೊಡಲು ಹೋಗದೆ, ಯಂತ್ರದ ಮಾತನ್ನೇ ಮುಂದುವರಿಸಿದೆವು. ದೋಣಿ ತಕ್ಕಡಿಯಲ್ಲಿ ಮೇಲಿರುವ ತೊಟ್ಟಿ ಎಂದಿಗೂ ಮೇಲೆಯೇ ಇರುವುದಿಲ್ಲ. ಅದು ಇಳಿದರೆ ಮಾತ್ರ ಯಂತ್ರ ನಡೆಯುತ್ತದೆ. ಇಳಿದದ್ದು ಮರುಸಲ ಏರುತ್ತದೆ. ಒಂದು ಪಾಳಿ ಇವನದು, ಒಂದು ಪಾಳಿ ಅವನದು. ಯಾವುದೋ ಒಂದು ತೊಟ್ಟಿ ‘ನಾನು ಇಳಿಯೆ’ ಎಂದು ಹಟ ಹಿಡಿದರೆ ಇನ್ನೊಂದು ಏರುವುದಿಲ್ಲವೆಂಬುದಷ್ಟೇ ಅಲ್ಲ, ಹಟ ಹಿಡಿದುದರಲ್ಲಿರುವ ದೋಣಿಯೂ ಇದ್ದಲ್ಲಿಯೇ ನಿಲ್ಲುತ್ತದೆ. ಇನ್ನೊಂದು ಸಂಗತಿ: ಎರಡು ತೊಟ್ಟಿಗಳ ನೀರನ್ನು ಅಂಗುಲದ ಲೆಕ್ಕದಲ್ಲಿ ಅಳೆಯುತ್ತಾರೆ. ಅಳತೆಯಿಲ್ಲದೆ ತಕ್ಕಡಿಯಿಲ್ಲ. ನಮ್ಮ ಹೊಳೆಯ ಮೇಲಿನ ಬಾಂದಾರದಲ್ಲಿ ಎಷ್ಟು ನೀರಿದೆ, ಕೆಳಗಿನದರಲ್ಲಿ ಎಷ್ಟಿದೆ ಎಂದು ಬಲ್ಲವರು ಯಾರಿದ್ದೀರಿ? ಒಬ್ಬರೂ ಇರಲಿಲ್ಲ. ಜಗಳ ಆಡಿದ ದೊಡ್ಡವರಲ್ಲಿಯೂ ಯಾರೂ ಇರಲಾರರು.

ಇನ್ನು ಹುಡುಗಿಯ ಮೂಲ ಪ್ರಶ್ನೆಗೆ ಉತ್ತರ. ಕುರನೂರಿಗೆ ದೋಣಿ ತಕ್ಕಡಿ ಏಕಿಲ್ಲ? ದೋಣಿ ಹೋಗಬೇಕಾದರೆ ಕಟ್ಟೆಯ ಎರಡೂ ಕಡೆ ವರುಷವಿಡೀ ನೀರು ಇರಬೇಕು. ಬೋರಿ ಮಳೆಯ ಹೊಳೆ. ಬೇಸಗೆಯಲ್ಲಿ ಅದರ ಮರಳಿನಲ್ಲಿ ದನಗಳು ನಡೆಯುತ್ತವೆ. ದಖ್ಖಣದಲ್ಲಿ ದೋಣಿಗಾಲುವೆಯ ಕನಸು ಕಂಡವರು ಇರಲಿಲ್ಲವೆಂದಲ್ಲ. ನಮ್ಮ ಊರಿನ ಹೆಸರಿಗೆ ನೆಂಟನಂತಿರುವ ಕರ್ನೂಲಿನಲ್ಲಿ, ತುಂಗಭದ್ರೆಯ ಸುಂಕೇಸುಲದಿಂದ ಕಡಪದತ್ತ ಒಂದು ಕಾಲುವೆಯನ್ನು 19ನೆಯ ಶತಮಾನದಲ್ಲಿ ಆಂಗ್ಲರ ಕಂಪನಿಯೊಂದು ತೋಡಿಸಿತು. ಹೊಲಕ್ಕೆ ನೀರು, ಸರಕಿಗೆ ದೋಣಿ ಎಂಬ ಎರಡೂ ಆಸೆಗಳು ಅದರ ಹಿಂದೆ ಇದ್ದವು. ಸರ್ ಆರ್ಥರ್ ಕಾಟನ್‌ರಂಥ ನೀರಾವರಿ ಪಂಡಿತರು ರೈಲಿಗಿಂತ ದೋಣಿಗಾಲುವೆಯೇ ಮೇಲೆಂದು ವಾದಿಸುತ್ತಿದ್ದ ಕಾಲವದು. ಕಂಪನಿಗೆ ಲಾಭ ಬರಲಿಲ್ಲ; 1882ರಲ್ಲಿ ಸರಕಾರವೇ ಅದನ್ನು ಕೊಂಡುಕೊಂಡಿತು. ದೋಣಿಗಳ ಕಾಲ ಮುಗಿಯಿತು, ನೀರು ಮಾತ್ರ ಹೊಲಗಳಿಗೆ ಹರಿಯುತ್ತ ಉಳಿಯಿತು. ನಮ್ಮ ನಾಡಿನಲ್ಲಿ ಎತ್ತಬೇಕಾದದ್ದು ದೋಣಿಯನ್ನಲ್ಲ, ನೀರನ್ನೇ.

ಅದನ್ನೂ ಎತ್ತುವ ಯೋಜನೆ ನಮ್ಮಲ್ಲುಂಟು. ಸೊಲ್ಲಾಪುರದ ಹತ್ತಿರ 1871ರಲ್ಲಿ ಕಟ್ಟಿ ಮುಗಿಸಿದ ಏಕರೂಖ ಕೆರೆಯಿದೆ. ಹಿಪ್ಪರಗಿಯ ಕೆರೆಯೆಂದೂ ಅದನ್ನು ಕರೆಯುತ್ತಾರೆ. ಭೀಮೆಯ ಉಜನಿ ಜಲಾಶಯದ ನೀರನ್ನು ಆ ಕೆರೆಗೆ ತಂದು, ಅಲ್ಲಿಂದ ಪಂಪುಗಳಿಂದ ಮೇಲಕ್ಕೆತ್ತಿ ಕುರನೂರಿನತ್ತ ಹರಿಸುವುದು ಏಕರೂಖ ಉಪಸಾ ನೀರಾವರಿ ಯೋಜನೆಯ ಉದ್ದೇಶ. ಆದರೆ ಪಂಪಿಗೆ ಎದುರು ತೊಟ್ಟಿಯಿಲ್ಲ. ಅದು ಎತ್ತಿದ ನೀರಿಗೆ ಸಮನಾಗಿ ಇಳಿಯುವವರು ಯಾರೂ ಇಲ್ಲ. ಪ್ರತಿಯೊಂದು ಕೊಡಕ್ಕೂ ವಿದ್ಯುತ್ತಿನ ಬೆಲೆ ತೆರಬೇಕು. ಒಂದು ಯೂನಿಟ್ಟಿಗೆ, ನಷ್ಟವೇ ಇಲ್ಲವೆಂದರೂ, 24 ಮೀಟರು ಏರುವುದು 15 ಟನ್ ನೀರು ಮಾತ್ರವೆಂದು ಏಳನೆಯ ಇಯತ್ತೆಯವರಿಂದ ಲೆಕ್ಕ ಮಾಡಿಸಿದೆವು. ಇಷ್ಟು ಬೆಲೆ ತೆತ್ತು ಬರುವ ನೀರನ್ನು ಕತ್ತಲೆಯಲ್ಲಿ ಹಲಗೆ ಎತ್ತಿ ಹರಿಯಬಿಡುವುದೆಂದರೇನೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಮರಳುವಾಗ ಮಕ್ಕಳಿಗೆ ಎರಡು ಮಾತು ಹೇಳಿದೆವು. ಇದೇ ಬೋರಿಯ ಗುಂಟ ಮೇಲಕ್ಕೆ ಹೋದರೆ ನಳದುರ್ಗದ ಕೋಟೆ ಸಿಗುತ್ತದೆ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಹನ ಕಾಲದಲ್ಲಿ, 1613ರ ಸುಮಾರಿಗೆ, ಅಲ್ಲಿ ಇದೇ ನದಿಗೆ ಕಲ್ಲಿನ ಅಣೆ ಕಟ್ಟಿ, ಅಣೆಯ ಹೊಟ್ಟೆಯೊಳಗೇ ಕೋಣೆಗಳನ್ನು ಮಾಡಿದ್ದಾರೆ. ಅದಕ್ಕೆ ಪಾನಿ ಮಹಲೆಂದು ಹೆಸರು. ಹೊಳೆ ತುಂಬಿದಾಗ ನರ ಮತ್ತು ಮಾದಿ ಎಂಬ ಎರಡು ಕೋಡಿಗಳಿಂದ ನೀರು ಧುಮುಕುತ್ತದೆ. ಒಳಗೆ ನಿಂತವರು ಆ ನೀರಿನ ತೆರೆಯ ಹಿಂದಿನಿಂದ ಲೋಕವನ್ನು ನೋಡಬಹುದು. ಅದಕ್ಕೂ ನಾಲ್ಕು ನೂರು ವರುಷಗಳ ಹಿಂದೆ ಸೊನ್ನಲಿಗೆಯ ಸಿದ್ಧರಾಮನು ಜನರನ್ನು ಕೂಡಿಸಿಕೊಂಡು ಕೆರೆಯನ್ನು ತೋಡಿಸಿದನು. ಶಿವಯೋಗಿಯೊಬ್ಬನು ಗುದ್ದಲಿಯ ಕೆಲಸವನ್ನು ಪೂಜೆಯೆಂದು ಬಗೆದ ನಾಡು ಇದು. ನೋಡತಕ್ಕದ್ದು ದೂರದಲ್ಲಿಯೂ ಇದೆ, ಇಲ್ಲಿಯೂ ಇದೆ. ದೂರದ್ದನ್ನು ನೋಡಿದ ಕಣ್ಣಿನಿಂದ ಹತ್ತಿರದ್ದನ್ನು ನೋಡಿದರೆ ಎರಡೂ ತಿಳಿಯುತ್ತವೆ.

ಈ ಪ್ರವಾಸದಿಂದ ಊರ ಜಗಳ ತೀರಿತೆಂದು ಬರೆದರೆ ಅದು ಸುಳ್ಳಾದೀತು. ಹಲಗೆ ಕಿತ್ತವರು ಯಾರೆಂಬುದು ಇಂದಿಗೂ ಗೊತ್ತಿಲ್ಲ. ದೊಡ್ಡವರಲ್ಲಿ ಮಾತುಕತೆ ಇನ್ನೂ ಕುದುರಿಲ್ಲ. ಆದರೆ ರಜೆ ಮುಗಿದು ಶಾಲೆ ತೆರೆದ ಮೇಲೆ, ಎರಡು ಬಾಂದಾರಗಳ ಕಲ್ಲಿನ ಕಂಬಗಳಿಗೆ ಬಣ್ಣದಿಂದ ಅಡಿ ಅಂಗುಲಗಳ ಗೆರೆ ಹಾಕಿಸಿದೆವು. ಮೇಲಿನ ಕಡೆಯ ಹುಡುಗ ಕೆಳಗಿನ ಬಾಂದಾರದ ನೀರನ್ನು ನೋಡಿ ಬರೆಯಬೇಕು, ಕೆಳಗಿನ ಕಡೆಯ ಹುಡುಗ ಮೇಲಿನದನ್ನು ನೋಡಿ ಬರೆಯಬೇಕು. ಸೋಮವಾರಕ್ಕೊಮ್ಮೆ ಈ ಪಾಳಿ. ಎರಡು ಅಂಕಿಗಳನ್ನೂ ಶಾಲೆಯ ಹೊರಗಿನ ಫಲಕದ ಮೇಲೆ, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯುತ್ತೇವೆ. ಮೊದಲ ಎರಡು ವಾರ ಯಾರೂ ತಿರುಗಿ ನೋಡಲಿಲ್ಲ. ಮೂರನೆಯ ಸೋಮವಾರ ಮುದುಕರೊಬ್ಬರು ಕೋಲೂರಿ ನಿಂತು ಎರಡು ಅಂಕಿಗಳನ್ನೂ ಓದಿಸಿಕೊಂಡು, “ಅಂದ್ರ ಅವರಿಗೂ ಅಷ್ಟೇ ಇಳದದ ಅನ್ನು,” ಎಂದು ಹೇಳಿ ಮುಂದೆ ನಡೆದರು. ಈಗ ಸೋಮವಾರ ಸಂಜೆ ಐದಾರು ಜನರಾದರೂ ಫಲಕದ ಮುಂದೆ ನಿಲ್ಲುತ್ತಾರೆ. ಆ ಹುಡುಗರಿಬ್ಬರೂ ಅಂಕಿಯ ವಿಷಯದಲ್ಲಿ ತಪ್ಪದೆ ವಾದಿಸುತ್ತಾರೆ. ವಾದಿಸಬೇಕಾದರೆ ಮಾತಾಡಲೇಬೇಕಷ್ಟೆ!

ಸಂಘದ ಸದಸ್ಯರು ಯಾರಾದರೂ ಅಕ್ಕಲಕೋಟೆಗೆ ದರ್ಶನಕ್ಕೆ ಬಂದರೆ ಕುರನೂರಿನ ಕಟ್ಟೆಯ ಮೇಲೆಯೂ ಒಂದು ಗಳಿಗೆ ನಿಂತು ಹೋಗಬೇಕೆಂದು ನಮ್ಮ ಬಿನ್ನಹ. ಎಡಕ್ಕೆ ತುಂಬಿದ ನೀರು, ಬಲಕ್ಕೆ ತಗ್ಗಿನ ಹೊಳೆ. ನಡುವೆ 24 ಮೀಟರು. ಅಷ್ಟು ಎತ್ತರವನ್ನು ಸ್ಕಾಟ್ಲೆಂಡಿನವರು ಒಂದೂವರೆ ಯೂನಿಟ್ಟಿನಲ್ಲಿ ದಾಟುತ್ತಾರೆಂಬುದನ್ನು ನೆನೆದರೆ ಕಟ್ಟೆ ಬೇರೆಯಾಗಿಯೇ ಕಾಣುತ್ತದೆ. ರೊಟ್ಟಿಯನ್ನು ಮಾತ್ರ ಬುತ್ತಿ ಕಟ್ಟಿಕೊಂಡೇ ಬರತಕ್ಕದ್ದು.